ತೂಬಿನ ನಿಂಗಣ್ಣ

ನಿಂಗಣ್ಣನ ಪಂಚೆ ಒಣಗಿದ್ದನ್ನು ನಾನು ನೋಡಿದ್ದೇ ಕಡಿಮೆ. ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಪಂಚೆಯಿಂದ ನೀರು ತೊಟ್ಟಿಕ್ಕಿಸಿಕೊಂಡೇ ಊರೊಳಗೆ ಬರುತ್ತಿದ್ದ. ಹೊಳೆನರಸೀಪುರದ ಕಡೆಯ ನಮ್ಮೂರ ಕೆರೆಗೆ ಅವನೇ ನೀರುಗಂಟಿ. ಗದ್ದೆಗೆ ನೀರು ಬಿಡುವ ತೂಬು ಹಳೆಯ ಕಾಲದ್ದು. ಎದೆಮಟ್ಟ ನೀರಿಗೆ ಇಳಿದು, ಮುಳುಗಿ, ಮರದ ಬಿರಡೆಯನ್ನು ಕೈಯಿಂದಲೇ ಕೀಳಬೇಕು, ಕೈಯಿಂದಲೇ ಜಡಿಯಬೇಕು. ಕೆರೆ ಏರಿಯ ಕೆಳಗಿನ ಅವನ ಮನೆ ಆ ಕೆಲಸಕ್ಕೆಂದೇ ಊರು ಕೊಟ್ಟದ್ದು. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಅದಕ್ಕೋ ಏನೋ, ಯಾರು ಏನು ಹೇಳಿದರೂ ‘ಆಯ್ತು’ ಅನ್ನುವುದೇ ಅವನಿಗೆ ರೂಢಿ.

ನಾವು ಹೆಂಗಸರು ಸಂಘ ಕಟ್ಟಿಕೊಂಡು ಕೆರೆಯಲ್ಲಿ ಮೀನು ಸಾಕಲು ಹೊರಟಾಗ ಗಂಡಸರೆಲ್ಲ ನಕ್ಕರು. ನಿಂಗಣ್ಣ ನಗಲಿಲ್ಲ. ಮೀನುಮರಿಗಳ ಚೀಲ ಬಂದ ದಿನ ನಾನು ಆತುರಕ್ಕೆ ಬಿದ್ದು ಚೀಲದ ಬಾಯಿ ಬಿಚ್ಚಲು ಹೋದೆ. ಅವನು ಅಡ್ಡ ಬಂದ. “ಒಸಾ ಸೊಸೆ ಕಣವ್ವಾ, ಬಂದೇಟ್ಗೆ ಅಡುಗೆಮನೆಗೆ ತಳ್ಳಬ್ಯಾಡ. ಮೊದ್ಲು ಕೆರೆ ತಣ್ಪು ಮೈಗತ್ಲಿ” ಅಂದು, ಕಟ್ಟಿದ ಚೀಲಗಳನ್ನು ಹಾಗೆಯೇ ನೀರಿನ ಮೇಲೆ ತೇಲಿಬಿಟ್ಟು ನಮ್ಮನ್ನು ಕಾಯಿಸಿದ. ಒಂದು ಮರಿಯೂ ಸಾಯಲಿಲ್ಲ. ಅವನ ಹೆಂಡತಿ ಸಾಕಮ್ಮನೂ ಸಂಘಕ್ಕೆ ಸೇರಿದಳು. ಮೀನಿನ ಕಾವಲನ್ನೂ ಅವನೇ ನೋಡಿಕೊಳ್ಳಲಿ ಅಂದವಳು ನಾನು. ಅದಕ್ಕೂ ಆಯ್ತು ಅಂದ.

ಆ ವರ್ಷ ಹಿಂಗಾರು ಕೈಕೊಟ್ಟು ಕೆರೆ ಅರ್ಧಕ್ಕಿಳಿಯಿತು. ಗದ್ದೆಯಲ್ಲಿ ಭತ್ತಕ್ಕೆ ಹಾಲು ತುಂಬುವ ಹೊತ್ತು, ಕೆರೆಯಲ್ಲಿ ಮೀನು ಇನ್ನೂ ಅಂಗೈಯಗಲ. ಗಂಡಸರಿಗೆ ನೀರು ಗದ್ದೆಗೆ ಬೇಕು, ನಮಗೆ ಕೆರೆಯಲ್ಲೇ ನಿಲ್ಲಬೇಕು. ತಮಾಷೆಯೆಂದರೆ ಆ ಗದ್ದೆ, ಈ ಮೀನು, ಎರಡೂ ಅವೇ ಮನೆಗಳವು. ಬೆಳಗ್ಗೆ ನನ್ನ ಗಂಡ ಹೋಗಿ ತೂಬು ತೆಗೆಸುತ್ತಿದ್ದರು, ಮಧ್ಯಾಹ್ನ ನಾನು ಹೋಗಿ ಮುಚ್ಚಿಸುತ್ತಿದ್ದೆ. ಮನೆಯಲ್ಲಿ ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ. ಎತ್ತಿದರೆ ರಂಪ, ನಿಂಗಣ್ಣನಿಗೆ ಹೇಳಿದರೆ ಸಲೀಸು. ಊರಿನ ಎಲ್ಲ ಮನೆಗಳಲ್ಲೂ ಇದೇ ಕತೆ. ಮಾರ್ಗಶಿರದ ಚಳಿಯಲ್ಲಿ ಅವನು ದಿನಕ್ಕೆರಡು ಸಲ ಮುಳುಗೇಳುತ್ತಿದ್ದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮೂರಿನ ಕೂಸಿಗೆ ಅರವತ್ತು ದಾಟಿತ್ತು.

ಒಂದು ಬೆಳಗ್ಗೆ ನಡುಗುತ್ತಾ ನಮ್ಮ ಜಗಲಿಗೆ ಬಂದು ಕೂತ. ಹಲ್ಲು ಕಟಕಟ ಅನ್ನುತ್ತಿದ್ದವು.

“ಗೌಡ್ರೆ, ಇಬ್ರೂ ಇದ್ದೀರಿ. ನಿಮ್ಮನೇಲಿ ಉರಿಯೋದು ಒಂದೇ ವಲೆ, ನಂಗ್ಯಾಕೆ ಎಲ್ಡು ಮಾತು? ತೆಗೀಲೋ ಮುಚ್ಲೋ, ಇಬ್ರೂ ಸೇರಿ ಒಂದ್ಮಾತು ಯೇಳ್ಬುಡಿ. ನನ್ ಕೈಲಿ ಆಗಾಕಿಲ್ಲ.”

ಅವನು ಆಗುವುದಿಲ್ಲ ಅಂದದ್ದನ್ನು ಕೇಳಿದ್ದು ಅದೇ ಮೊದಲು. ನಾನು, ಮೊದಲು ಕಾಫಿ ಕುಡಿ ನಿಂಗಣ್ಣ, ನೋಡೋಣಂತೆ ಅಂದೆ. ಕುಡಿದು ಎದ್ದ. ನನ್ನ ಗಂಡ ಬೀದಿಯವರೆಗೂ ಹೋಗಿ ಅವನಿಗೆ ಮೆಲ್ಲಗೆ ಏನೋ ಹೇಳಿದರು. ಏನೆಂದು ನನಗೆ ಗೊತ್ತಿತ್ತು. ನಾನೂ ಮಧ್ಯಾಹ್ನ ಎಂದಿನಂತೆ ಕೆರೆಗೆ ಹೋದೆ. ಇದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎಂಟು ದಿನವೂ ಆಗಿರಲಿಲ್ಲ, ಅವನ ಎದೆಗೆ ಕಫ ಕಟ್ಟಿ ಜ್ವರ ಏರಿತು. ಹಾಸನಕ್ಕೆ ಕರೆದುಕೊಂಡು ಹೋದರು, ಹೆಣವಾಗಿ ಬಂದ. ಏರಿಯ ಕೆಳಗಿನ ಆ ಮನೆಯ ಮುಂದೆ ಮಲಗಿಸಿದ್ದರು. ಊರಿಗೆ ಊರೇ ಸೇರಿತ್ತು. ನಾನು ಸಾಕಮ್ಮನ ಪಕ್ಕ ಕೂತಿದ್ದೆ. ನನ್ನ ಗಂಡ ಬಗ್ಗಿ ನನ್ನ ಕಿವಿಯ ಹತ್ತಿರ ಕೇಳಿದರು:

“ನಾಳಿಕ್ಕೆ ತೂಬು ತಗ್ಯೋರು ಯಾರು?”

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಮುಚ್ಚುವವರು ಯಾರು ಅಂತ ನಾನೂ ಅಷ್ಟೊತ್ತಿಗೆ ಯೋಚಿಸಿ ಆಗಿತ್ತು.

ಸಾಕಮ್ಮನಿಗೆ ಕೇಳಿಸಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡು ನಮ್ಮಿಬ್ಬರ ಕಡೆಗೂ ತಿರುಗಿದಳು.

“ನಾನೇ ಇಳೀತೀನಿ ಕಣ್ರಣ್ಣ. ಮನೆ ಮಾತ್ರ ಬುಡಿಸ್ಬ್ಯಾಡಿ.”

ಬೇಡ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.