ನಳ ಬಂದ ದಿನ ಬಂದ ಮೀನುಗಳು

ನಮ್ಮವರು ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಆಫೀಸಿಗೆ ಹೊರಟವರು ಎದೆನೋವೆಂದು ಕುಳಿತರು, ಏಳಲೇ ಇಲ್ಲ. ಅವರ ಮೊಬೈಲನ್ನು ನಾನು ದಿನಾ ಚಾರ್ಜಿಗೆ ಹಾಕುತ್ತಿದ್ದೆ, ಯಾಕೆಂದು ಕೇಳಬೇಡಿ. ಒಂದು ಬೆಳಿಗ್ಗೆ ಅದು ಹೊಡೆದುಕೊಂಡಿತು. ಮೀನಿನ ಅಂಗಡಿಯವರು. ಸಾಹೇಬರು ಹೇಳಿಟ್ಟಿದ್ದ ಜೋಡಿ ಮುಂಬೈಯಿಂದ ಬಂದಿದೆ, ಯಾವಾಗ ಒಯ್ಯುತ್ತಾರೆ ಎಂದರು. ಸಾಹೇಬರಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನೇ ಬರುತ್ತೇನೆ ಎಂದೆ.

ದೇಶಪಾಂಡೆ ನಗರದ ನಮ್ಮ ಪಡಸಾಲೆಗೆ ಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ ಬಂದಾಗಿನಿಂದ ನನಗೂ ಅದಕ್ಕೂ ಆಗಿಬರುತ್ತಿರಲಿಲ್ಲ. ಕುಡಿಯುವ ನೀರಿಗೇ ವಾರಗಟ್ಟಲೆ ದಾರಿ ಕಾಯುವ ಊರಿನಲ್ಲಿ ಮೀನಿಗೆ ಸಮುದ್ರ ಮಾಡಿಕೊಡುವ ಹುಚ್ಚು ಯಾರಿಗಿರುತ್ತದೆ, ಹೇಳಿ! ಭಾನುವಾರವಿಡೀ ಇವರು ನೀರಿಗೆ ಉಪ್ಪು ಕಲಸುತ್ತ ಕೂರುವರು, ಸಂತೆಗೆ ನಾನು ಹೋಗಬೇಕು. ಮೊಟ್ಟೆಯನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಅತ್ತೆ ಮೊದಲು ಮೂಗು ಮುರಿದರು. ಉಪ್ಪು ಹಾಕಿದ ಮೇಲೆ ಒಂದಿಷ್ಟು ಒಗ್ಗರಣೆಯನ್ನೂ ಹಾಕಿಬಿಡು ಎಂದು ಮಗನನ್ನು ಕಾಡುತ್ತಿದ್ದರು. ಬರಬರುತ್ತ ಅವರೇ ತೊಟ್ಟಿಯ ಮುಂದೆ ಕುಳಿತು ಹೂಬತ್ತಿ ಹೊಸೆಯತೊಡಗಿದರು.

ಆಟೋದಲ್ಲಿ ಮೀನಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಕಿತ್ತಳೆ ಮೈ, ಬಿಳಿ ಪಟ್ಟಿ, ಬೆರಳುದ್ದದ ಎರಡು ಜೀವ. ಅವರು ಆಸೆಪಟ್ಟು ಕೇಳಿದ್ದರಲ್ಲಿ ಕೊನೆಯದು ಅದು. ಅವರನ್ನಂತೂ ಉಳಿಸಿಕೊಳ್ಳಲಾಗಲಿಲ್ಲ, ಇವಾದರೂ ನನ್ನ ಕೈಯಲ್ಲಿ ಉಳಿಯಲೇಬೇಕು ಎಂದು ಹಟ ಹಿಡಿದಿದ್ದೆ. ದೇವರ ಮೇಲಿನ ಸಿಟ್ಟೂ ಅದರಲ್ಲಿ ಸೇರಿತ್ತು.

ಹೊಸ ಮೀನನ್ನು ತಂದ ಕೂಡಲೇ ತೊಟ್ಟಿಗೆ ಸುರಿಯಬಾರದು. ಇವರು ಮಾಡುವುದನ್ನು ಬೈಯುತ್ತಲೇ ನೋಡಿ ನೋಡಿ ನನಗೂ ಬಂದುಬಿಟ್ಟಿತ್ತು. ಚೀಲವನ್ನು ಮೊದಲು ತೊಟ್ಟಿಯಲ್ಲಿ ತೇಲಿಬಿಟ್ಟೆ, ನೀರಿನ ಬಿಸುಪು ಒಂದಾಗಲಿ ಎಂದು. ಆಮೇಲೆ ಮೀನುಗಳನ್ನು ಅವುಗಳ ನೀರಿನ ಸಮೇತ ಬಕೆಟ್ಟಿಗೆ ಬಿಟ್ಟು, ತೊಟ್ಟಿಯ ನೀರು ಹನಿ ಹನಿಯಾಗಿ ಅದಕ್ಕೆ ಇಳಿಯುವಂತೆ ಸಲಾಯಿನ್ ನಳಿಕೆ ಕಟ್ಟಬೇಕು. ಹೊಸ ಉಪ್ಪಿಗೆ ಮೈ ನಿಧಾನವಾಗಿ ಹೊಂದಿಕೊಳ್ಳಬೇಕು, ಅವಸರ ಮಾಡಿದರೆ ಸಾಯುತ್ತವೆ. ಬಚ್ಚಲಲ್ಲಿ ಇವರ ಜಳಕದ ನೀಲಿ ಬಕೆಟ್ಟು ಬೋರಲಾಗಿ ಬಿದ್ದಿತ್ತು. ಅಲ್ಲಿಯವರೆಗೆ ಅದನ್ನು ಮುಟ್ಟಲು ನಮಗಿಬ್ಬರಿಗೂ ಧೈರ್ಯವಾಗಿರಲಿಲ್ಲ. ಸೋಪಿನ ವಾಸನೆ ಹೋಗುವಂತೆ ತಿಕ್ಕಿ ತೊಳೆದು ಅದನ್ನೇ ತೊಟ್ಟಿಯ ಪಕ್ಕ ತಂದಿಟ್ಟು, ಮೀನು ಬಿಟ್ಟು ನಳಿಕೆ ಕಟ್ಟಿದೆ. ಅತ್ತೆ ಬಂದು ಬಗ್ಗಿ ನೋಡಿ, ಅವನು ಹೇಳಿಟ್ಟ ಮೀನು ಇವೇ ಏನು ಎಂದು ಕೇಳಿ ಒಳಗೆ ಹೋದರು.

ಬಕೆಟ್ಟು ಅರ್ಧ ತುಂಬುವ ಹೊತ್ತಿಗೆ ಓಣಿಯಲ್ಲಿ ಯಾರೋ ನಳ ಬಂತೆಂದು ಕೂಗಿದರು. ನಮ್ಮಲ್ಲಿ ನೀರು ಬಂತು ಅನ್ನುವುದಿಲ್ಲ, ನಳ ಬಂತು ಅನ್ನುತ್ತೇವೆ. ಆ ಕೂಗು ಕೇಳಿದರೆ ಜ್ವರ ಬಂದು ಮಲಗಿದವರೂ ಎದ್ದು ಕೊಡ ಹಿಡಿಯುತ್ತಾರೆ, ಮನೆಯಲ್ಲಿ ಒಂದು ಲೋಟವೂ ಖಾಲಿ ಉಳಿಯುವಂತಿಲ್ಲ. ನಾನು ಮೋಟಾರು ಹಚ್ಚಲು ಹಿತ್ತಲಿಗೆ ಓಡಿದೆ. ಹಾಳಾದ್ದು ಗಾಳಿ ಹಿಡಿದುಕೊಂಡು ನೀರೇ ಎತ್ತಲಿಲ್ಲ. ಅದರ ಜೊತೆ ಗುದ್ದಾಡಿ, ಮೇಲಿನ ಟಾಕಿ ತುಂಬಿಸಿಕೊಂಡು ಒಳಗೆ ಬಂದೆ.

ನೀಲಿ ಬಕೆಟ್ಟು ಗಂಟಲಮಟ ತುಂಬಿ ತುಳುಕುತ್ತಿತ್ತು. ಅತ್ತೆ ಅಂಗಳದ ನಳದಿಂದ ಎಳೆತಂದ ಪೈಪು ಹಿಡಿದು ಅದರ ಪಕ್ಕದ ಹಂಡೆ ತುಂಬುತ್ತಿದ್ದರು. ಬಕೆಟ್ಟಿನಲ್ಲಿ ಎರಡೂ ಮೀನು ಮಗ್ಗುಲಾಗಿದ್ದವು. ಬೊಗಸೆಯಲ್ಲಿ ಎತ್ತಿ ತೊಟ್ಟಿಗೆ ಬಿಟ್ಟೆ. ಒಂದು ನೇರ ತಳಕ್ಕಿಳಿಯಿತು. ಇನ್ನೊಂದು ಒಮ್ಮೆ ಬಾಯಿ ತೆರೆಯಿತು, ಅಷ್ಟೇ.

ಅಷ್ಟು ವರ್ಷದಲ್ಲಿ ಒಮ್ಮೆಯೂ ಅತ್ತೆಗೆ ಎದುರಾಡದವಳು ಅವತ್ತು ಎದುರು ನಿಂತೆ.

"ಏನ್ ಮಾಡಿದ್ರಿ ಅತ್ತಿ ಇದು? ನಳದ ನೀರಾಗ ಅವು ಬದುಕತಾವೇನ್ರಿ?"

ಅವರು ತೊಟ್ಟಿಯ ಕಡೆ ನೋಡಲೇ ಇಲ್ಲ. ನನ್ನ ಸಿಟ್ಟು ಯಾಕೆಂದೇ ಅವರಿಗೆ ತಿಳಿದಂತಿರಲಿಲ್ಲ.

"ಅಂವನ ಬಕೆಟ್ ಅರ್ಧಾನ ಇತ್ತವಾ. ಜಳಕಕ್ಕ ಹ್ಯಾಂಗ ಸಾಲತೈತಿ ಅಂತ ತುಂಬಿದೆ."

ಅಂದ ಮಾತು ಮರುಕ್ಷಣ ಅವರಿಗೇ ಕೇಳಿಸಿತು. ಬಾಯಿಗೆ ಸೆರಗು ಒತ್ತಿಕೊಂಡು ನೆಲಕ್ಕೆ ಕುಸಿದರು. ನಾನೂ ಅವರ ಪಕ್ಕ ಕುಳಿತು, ಅವರ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟೆ. ಕೈಬಿಟ್ಟ ಪೈಪಿನಿಂದ ನೀರು ಪಡಸಾಲೆಯ ತುಂಬ ಹರಿದು ಹೊಸ್ತಿಲು ದಾಟಿ ಹೋಗುತ್ತಿತ್ತು. ನಳ ಬಂದ್ ಮಾಡಲು ನಾವಿಬ್ಬರೂ ಏಳಲಿಲ್ಲ.