ಬರೆಯುವ ಮೊದಲು ಒಂದು ಹಿಡಿ

ಹುಮನಾಬಾದಿನ ಬೇಳೆ ಮಿಲ್ಲಿನಲ್ಲಿ ಹದಿನೆಂಟು ವರ್ಷ ಮೊರ ಹಿಡಿದು ನೆಲದ ಮೇಲೆ ಕೂತ ನಂತರ ಭಾಗಮ್ಮನಿಗೆ ತೂಕದ ಕಾಟಾದ ಮುಂದಿನ ಕುರ್ಚಿ ಸಿಕ್ಕಿತ್ತು. ರಾಜೇಶ್ವರ ಹಳ್ಳಿಯಿಂದ ಬರುವ ಹೆಂಗಸರಲ್ಲಿ ಕುರ್ಚಿ ಕಂಡವಳು ಇವಳೊಬ್ಬಳೇ.

ಕೆಲಸ ಇಷ್ಟೇ. ಯಂತ್ರ ತುಂಬಿದ ಮೂವತ್ತು ಕಿಲೋ ಚೀಲಗಳಲ್ಲಿ ತಾಸಿಗೆ ಐದನ್ನು, ಬಾಯಿ ಹೊಲಿಯುವ ಮೊದಲು, ತೂಗಿ ಬರೆಯುವುದು. ಆ ಅಂಕಿಗಳಿಂದ, ಮಿಲ್ಲಿನ ಗುಣಮಟ್ಟ ನೋಡುವ ವರ್ಷಾ ಮೇಡಂ ಗೆರೆ ಹಾಳೆಯ ಮೇಲೆ ಚುಕ್ಕಿ ಇಡುತ್ತಿದ್ದಳು. ಯಂತ್ರ ಹಾದಿ ತಪ್ಪಿದ್ದನ್ನು ಯಾವ ಲೆಕ್ಕ ಬೇಗ ಹಿಡಿಯುತ್ತದೆಂದು ನೋಡಲು ಆರು ತಿಂಗಳಿಂದ ಹಳೆಯ, ಹೊಸ ಎರಡು ಲೆಕ್ಕಗಳನ್ನು ಜೊತೆಗೇ ನಡೆಸಿದ್ದಳು. ಹಳೆಯದು ಚುಕ್ಕಿ ಕೆಂಪು ಗೆರೆ ದಾಟಿದರೆ ಮಾತ್ರ ಎಚ್ಚರಿಸುತ್ತಿತ್ತು. ಹೊಸದು ಚೂರುಪಾರು ಕೊರತೆಯನ್ನೂ ಕೂಡಿಸುತ್ತ ಹೋಗಿ, ಮೊತ್ತ ಬೆಳೆದರೆ ಎಚ್ಚರಿಸುತ್ತಿತ್ತು.

ಎರಡೂ ಸುಮ್ಮನಿದ್ದವು. ಲಾರಿ ಮಾತ್ರ ಒಂದು ಹಾಸ್ಟೆಲಿನಿಂದ ವಾಪಸು ಬಂತು. ಚೀಲಕ್ಕೆ ಕಾಲು ಕಿಲೋ ಕಮ್ಮಿ. ಯಂತ್ರದ ತೂಗುವ ತೊಟ್ಟಿಗೆ ಬೇಳೆಯ ಹಿಟ್ಟು ಮೆತ್ತಿಕೊಂಡು, ಅದರ ಭಾರವೂ ತೂಕಕ್ಕೆ ಸೇರುತ್ತಿತ್ತು. ಯಂತ್ರ ನೋಡಿಕೊಳ್ಳುವ ಜಹೀರುದ್ದೀನನನ್ನು ಕೆಲಸದಿಂದ ತೆಗೆಯುತ್ತೇನೆಂದು ಮಿಲ್ಲಿನ ಸಾವಕಾರರು ಎದ್ದು ನಿಂತರು.

"ಚುಕ್ಕಿ ನೋಡ್ರಿ ಸಾವಕಾರ್ರ! ಒಂದಾದ್ರೂ ಕೆಳಗ ಇಳದದೇನು? ಇಳದಿದ್ರ ಅವತ್ತೇ ತೊಟ್ಟಿ ಬಿಚ್ಚಿ ತೊಳಿತಿದ್ನಲ್ರಿ" ಎಂದ ಜಹೀರುದ್ದೀನ.

ವರ್ಷಾ ಭಾಗಮ್ಮನ ಕಡೆ ತಿರುಗಿದಳು. "ಆಯಿ, ಗೆರಿ ಹೊಡದಂಗ ಮೂವತ್ತಕ್ಕ ಮೂವತ್ತು. ಯಾವ ಮಷೀನೂ ಇಷ್ಟು ಸಮ ತುಂಬಂಗಿಲ್ಲ. ಹ್ಯಾಂಗ ತೂಗ್ತೀರಿ, ತೋರಸ್ರಿ."

ಭಾಗಮ್ಮ ಚೀಲ ಇಟ್ಟಳು. ಕಮ್ಮಿ ಬಂತು. ಪಕ್ಕದ ಬುಟ್ಟಿಯಿಂದ ಹಿಡಿ ಹಿಡಿ ಹಾಕಿ ಮೂವತ್ತು ಮಾಡಿ, ಮೂವತ್ತು ಎಂದು ಬರೆದಳು.

"ಸರಿ ಮಾಡಿದ ಮ್ಯಾಲೆ ಬರಿಬೇಕಲ್ರಿ, ಮೇಡಂ? ನನ್ನ ಕೈಯಾಗಿನ ಚೀಲ ಕಮ್ಮಿ ಹೋಗಬಾರದು."

"ಐದು ಸರಿ ಹೋದವು, ಆಯಿ. ಉಳಿದವು?"

ಉಳಿದವನ್ನು ಭಾಗಮ್ಮ ಎಂದೂ ನೆನೆದಿರಲಿಲ್ಲ.

"ಇದು ಇವತ್ತಿಂದೋ, ದಿನಾ ಹಿಂಗೇನೋ?" ಎಂದರು ಸಾವಕಾರರು.

ಇವತ್ತು ಮಾತ್ರ ಎಂದರೆ ಕುರ್ಚಿ ಉಳಿಯುತ್ತದೆ, ಜಹೀರುದ್ದೀನ ಹೋಗುತ್ತಾನೆ. ಭಾಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮೊದಲನೇ ದಿನದಿಂದ್ರಿ."

ಜಹೀರುದ್ದೀನ ಉಳಿದ. ಆದರೆ, "ಅಕ್ಕಾ, ನೀ ಧರ್ಮ ಮಾಡ್ಕೊಂತ ಕೂತಿ, ನನ್ನ ಕಣ್ಣಿಗಿ ಬಟ್ಟಿ ಕಟ್ಟಿದಿ" ಎಂದವನು ಮತ್ತೆ ಮಾತಾಡಿಸಲಿಲ್ಲ. ಆರು ತಿಂಗಳ ಚುಕ್ಕಿಗಳನ್ನು ವರ್ಷಾ ಹರಿದು ಕಸದ ಬುಟ್ಟಿಗೆ ಹಾಕಿದಳು. ಯಾವ ಲೆಕ್ಕ ಮೇಲೋ, ಮತ್ತೆ ಮೊದಲಿನಿಂದ.

ಭಾಗಮ್ಮ ಮೊರಕ್ಕೆ ಮರಳಿದಳು. ಕುರ್ಚಿಗೆ ಹೊಸ ಹುಡುಗಿ ಮನೀಷಾ ಬಂದಳು. ಮೊದಲ ತಾಸಿಗೇ ಕೂಗಿದಳು, "ಆಯೀ, ಇದು ಜರಾ ಕಮ್ಮಿ ಅದ, ಒಂದ್ ಹಿಡಿ ಹಾಕ್ಲ್ಯಾ?"

"ಬಂದಷ್ಟೇ ಬರಿ, ತಂಗಿ."

ಭಾಗಮ್ಮ ಮುಖ ಎತ್ತಲಿಲ್ಲ. ಮನೀಷಾ ಬಂದ ಅಂಕಿಯನ್ನೇ ಬರೆದಳು; ಚೀಲ ಕಮ್ಮಿಯಾಗಿಯೇ ಹೊಲಿಗೆಗೆ ಹೋಯಿತು.