ಜೂನ್ ತಿಂಗಳ ಗಣಿತ

ಗೋವೆಯ ಮಳೆಯನ್ನು ಮೊದಲ ಸಲ ನೋಡಿದ ದಿನ ನಾನು ಮಂಚ ಹತ್ತಿ ಕುಳಿತಿದ್ದೆ. ಸಾವರ್ಡೆಯ ಚಾಳಿನಲ್ಲಿದ್ದ ನಮ್ಮ ಬಾಡಿಗೆ ಖೋಲಿಯ ಹೊಸ್ತಿಲಿಗೆ ಗಣಿಯ ಕೆಂಪು ನೀರು ಬಂದಿತ್ತು. ಬಾದಾಮಿ ಕಡೆ ನಾವು ಮಳೆ ಬರಲೆಂದು ಕೈಮುಗಿಯುತ್ತೇವೆ. ಇಲ್ಲಿ, ಸಾಕು ನಿಲ್ಲಪ್ಪಾ ಎಂದು ಕೈಮುಗಿದೆ. ನಗಬೇಡಿ, ನಾವು ಗೋವೆಗೆ ಬಂದು ಆಗಲೇ ಹಲವು ವರ್ಷಗಳಾಗಿದ್ದವು. ಮಳೆಗಾಲವನ್ನು ಮಾತ್ರ ನೋಡಿರಲಿಲ್ಲ.

ಮಳೆ ಹಿಡಿದರೆ ಗಣಿ ನಿಲ್ಲುತ್ತದೆ, ನಮ್ಮ ಯಜಮಾನರು ಓಡಿಸುವ ಟಿಪ್ಪರೂ ನಿಲ್ಲುತ್ತದೆ. ಆಗ ಚಾಳಿನವರೆಲ್ಲ ಬೀಗ ಜಡಿದು ಬಿತ್ತನೆಗೆ ಊರಿಗೆ ಹೋಗುವುದು ರೂಢಿ. ನಾವೂ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದರೆ ಶ್ರಾವಣದ ನಾಗರಪಂಚಮಿ ಉಂಡಿ ತಿಂದೇ ಮರಳುತ್ತಿದ್ದೆವು. ಇಲ್ಲಿ ಜೂನ್ ಮೊದಲಲ್ಲೇ ಶಾಲೆ ಶುರುವಾಗುತ್ತದೆಂದು ಯಾರೂ ತಲೆ ಕೆಡಿಸಿಕೊಂಡವರಲ್ಲ.

ದೊಡ್ಡವಳು ರೇಣುಕಾ ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯ ಗಣಿತವನ್ನು ಹೇಗೋ ದಾಟಿದಳು. ಟೀಚರ್ ನನ್ನನ್ನು ಕರೆಸಿದರು. ಮಗಳು ದಡ್ಡಿ ಎನ್ನುತ್ತಾರೆಂದು ತಲೆ ತಗ್ಗಿಸಿಕೊಂಡೇ ಹೋದೆ. ಅವರು ಹಿಂದಿಯಲ್ಲಿ ಹೇಳಿದ್ದೇ ಬೇರೆ. ಹುಡುಗಿ ಚುರುಕು, ಆದರೆ ಮಳೆಗಾಲದಲ್ಲಿ ಕಲಿಸಿದ ಪಾಠವನ್ನು ಒಂದು ವರ್ಷವೂ ಕೇಳಿಲ್ಲ; ಹತ್ತನೆಯದರಲ್ಲೂ ಹೀಗಾದರೆ ನಪಾಸಾಗುತ್ತಾಳೆ. ಕೊನೆಗೆ ಕೊಂಕಣಿಯಲ್ಲಿ, "ಪಾವಸಾಂತ ಹಾಂಗಾಚ ರಾವಾತ," ಎಂದರು. ಮಳೆಗಾಲದಲ್ಲಿ ಇಲ್ಲೇ ಇರಿ ಎಂದು.

ಹೇಳುವುದು ಸುಲಭ. ನಮ್ಮ ಹೊಲದಲ್ಲಿ ಬಿತ್ತುವಾಗ ಕೂರಿಗೆಗೆ ಕಾಳು ಬಿಡುವವಳು ನಾನೇ. ಅತ್ತೆಗೆ ಫೋನಿನಲ್ಲಿ ತಿಳಿಸಿದಾಗ, "ಸಾಲಿ ಎಲ್ಲಿ ಓಡಿ ಹೊಕ್ಕೈತಿ? ಭೂಮಿ ಹದ ಹ್ವಾದ್ರ ಮತ್ತ ಬರಂಗಿಲ್ಲವಾ," ಎಂದು ಸಿಟ್ಟಾದರು.

ಕೊನೆಗೆ ಬಿತ್ತನೆಗೆ ಯಜಮಾನರು ಒಬ್ಬರೇ ಹೋದರು. ಖಾಲಿ ಚಾಳಿನಲ್ಲಿ ನಾವು ತಾಯಿ-ಮಕ್ಕಳು ಉಳಿದೆವು. ಒಗೆದ ಬಟ್ಟೆ ಒಣಗದು. ಊರಲ್ಲಿ ತಿಂಗಳಿಡುವ ಕಟಕ ರೊಟ್ಟಿಗೆ ಇಲ್ಲಿ ನೋಡನೋಡುತ್ತಲೇ ಬೂಸರು. ರೇಣುಕಾ ಮಾತ್ರ ತೊಯ್ದು ತೊಪ್ಪೆಯಾಗಿ ಬಂದರೂ, "ಅವ್ವಾ, ಇವತ್ತ ಹೊಸಾ ಲೆಕ್ಕ ಎಲ್ಲಾರಕಿಂತ ಮೊದಲ ನಾನs ಮಾಡಿದ್ನಿ!" ಎಂದು ಕುಣಿಯುವಳು. ಆ ಮಾತು ಕೇಳಿದರೆ ನನಗೂ ಮಳೆ ಚಲೋ ಅನ್ನಿಸುತ್ತಿತ್ತು.

ಮರುವರ್ಷ ರೇಣುಕಾ ಪಾಸಾದಳು, ಗಣಿತದಲ್ಲೂ! ಚಾಳಿಗೆಲ್ಲ ಪೇಡೆ ಹಂಚಿ, ಅತ್ತೆಗೆ ಫೋನು ಮಾಡಿದೆ.

"ಈ ಸಲ ಬಿತ್ತಾಕ ಬರ್ತೇನ್ರಿ ಅತ್ತಿ."

"ಬ್ಯಾಡವಾ. ಸಣ್ಣಾಕಿದೂ ಸಾಲಿ ಐತೆಲ್ಲ, ನೀ ಅಲ್ಲೇ ಇರು. ಕಾಳು ಬಿಡೂದು ನಿನ್ನ ನಾದಿನಿ ಕಲತಾಳ," ಎಂದರು ಅತ್ತೆ, ಪ್ರೀತಿಯಿಂದಲೇ.

ನನಗೆ ಬೇಕಾಗಿದ್ದೂ ಅದೇ. ಆದರೂ ನಾನಿಲ್ಲದೆ ನಮ್ಮ ಹೊಲದ ಬಿತ್ತನೆ ಸಾಗುತ್ತದೆ ಎಂದು ಆಗಲೇ ತಿಳಿದದ್ದು. ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ರೇಣುಕಾ ನೋಡಿದಳು.

"ನಾ ಪಾಸಾಗಿದ್ದಕ್ಕ ಅಳಾಕತ್ತಿ ಏನವಾ?" ಎಂದು ನಕ್ಕಳು.

ಹೌದು ಎಂದೆ.